ಮಾಂಟೆರೆಯ ಅಕ್ವೇರಿಯಂಗೆ ಮನೆಮಂದಿಯೆಲ್ಲ ಹೊರಡುವಾಗ

ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರನ್ನು ಮಕ್ಕಳು ತಪ್ಪದೆ ಕರೆದೊಯ್ಯುವ ಜಾಗಗಳಲ್ಲಿ ಮಾಂಟೆರೆ ಬೇ ಅಕ್ವೇರಿಯಂ ಒಂದು. ನನ್ನ ಮಗನಿರುವ ಸನಿವೇಲ್‌ನಿಂದ ಅದು ಸುಮಾರು 120 ಕಿಲೋಮೀಟರ್. ನಾನು ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಎಲ್ಲರೂ ದಣಿದು, ಒಬ್ಬರ ಮೇಲೊಬ್ಬರು ಸಿಡುಕಿ, ಏನು ನೋಡಿದೆವೆಂಬ ನೆನಪೂ ಉಳಿಯದಂತೆ ಮನೆ ಸೇರಿದೆವು. ನಾಲ್ಕನೆಯ ಸಲ ಏಳು ವರ್ಷದ ಮೊಮ್ಮಗಳು ದಾರಿಯುದ್ದಕ್ಕೂ ನೀರುನಾಯಿಯ ಮಾತನ್ನೇ ಆಡುತ್ತ ಬಂದಳು. ಮೀನುಗಳು ಅವೇ, ಕಟ್ಟಡವೂ ಅದೇ. ಬದಲಾದದ್ದು ನಾವು ಹೊರಟ ರೀತಿ.

ಆ ಮೊದಲ ದಿನ ಜುಲೈ ತಿಂಗಳ ಶನಿವಾರ. ತಿಂಡಿ, ಸ್ನಾನ, ಬುತ್ತಿ ಎಂದು ಹೊರಡುವಷ್ಟರಲ್ಲಿ ಹತ್ತೂವರೆ. 101ನೇ ಹೆದ್ದಾರಿಯಲ್ಲಿ ಗಿಲ್ರಾಯ್ ದಾಟುವವರೆಗೆ ಸಲೀಸಾಗಿ ಹೋದೆವು. 156ಕ್ಕೆ ತಿರುಗಿದ ಮೇಲೆ ಕಡಲ ಕಡೆಗೆ ಹೊರಟ ಕಾರುಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ಹಿಂದಿನ ಸೀಟಿನಲ್ಲಿ ಟ್ಯಾಬ್ ನೋಡುತ್ತ ಕುಳಿತಿದ್ದ ಚಿಕ್ಕವನಿಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ಬದಲಿ ಬಟ್ಟೆಯ ಚೀಲ ಡಿಕ್ಕಿಯ ತಳದಲ್ಲಿತ್ತು. ತಲುಪಿದಾಗ ಒಂದು ಗಂಟೆ, ಕಾರು ನಿಲ್ಲಿಸಲು ಜಾಗ ಸಿಗುವಾಗ ಒಂದೂವರೆ. ಅರ್ಧ ತೋಳಿನ ಅಂಗಿ ತೊಟ್ಟು ಬಂದಿದ್ದ ನಮ್ಮ ಯಜಮಾನರು ಮಂಜು ಕವಿದ ಬೀದಿಯಲ್ಲಿ ಕೈ ಕಟ್ಟಿಕೊಂಡು ನಡುಗುತ್ತಿದ್ದರು. ಒಳಗೆ ಹೋದ ಮೇಲಾದರೂ ನಿಧಾನಿಸಿದೆವೇ? ಕೊಟ್ಟ ಹಣಕ್ಕೆ ಒಂದನ್ನೂ ಬಿಡಬಾರದೆಂದು ತೊಟ್ಟಿಯಿಂದ ತೊಟ್ಟಿಗೆ ಮಕ್ಕಳನ್ನು ಎಳೆದುಕೊಂಡು ಓಡಿದೆವು.

ಆದ್ದರಿಂದ ಮೊದಲ ಮಾತು, ಬಾಗಿಲು ತೆರೆಯುವಾಗ ನೀವು ಬಾಗಿಲಲ್ಲಿರಬೇಕು. ಸಾಮಾನ್ಯವಾಗಿ ಬೆಳಗ್ಗೆ 10ಕ್ಕೆ ತೆರೆಯುತ್ತಾರೆ. ನಮ್ಮಷ್ಟು ದೂರದವರು ಎಂಟಕ್ಕೆ ಮುಂಚೆಯೇ ಕಾರು ಹತ್ತಿರಬೇಕು. ಟಿಕೆಟನ್ನು ಮನೆಯಲ್ಲೇ ಆನ್‌ಲೈನಿನಲ್ಲಿ ಕೊಂಡಿಡಿ, ದಿನಾಂಕ ನೋಡಿಯೇ ಕೊಡುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಟಿಕೆಟ್ ಇಲ್ಲ, ಹಿರಿಯರಿಗೆ ರಿಯಾಯಿತಿ ಇದೆ. ಹಾಗಿದ್ದರೂ ನಾಲ್ಕೈದು ಜನರ ಮನೆಗೆ ಅದು ದೊಡ್ಡ ಖರ್ಚು. ಎರಡು ಮೂರು ಸಲ ಹೋಗುವ ಆಸೆ ಇದ್ದರೆ ವರ್ಷದ ಸದಸ್ಯತ್ವದ ಲೆಕ್ಕವನ್ನೂ ಹಾಕಿ ನೋಡಿ. ನಮ್ಮ ಸೊಸೆ ಹಾಗೆ ಮಾಡಿದ್ದರಿಂದ ಹಣ ಉಳಿಯಿತು. ಅದಕ್ಕಿಂತ ಮಿಗಿಲಾಗಿ, ಬಿಟ್ಟದ್ದನ್ನು ಮುಂದಿನ ಸಲ ನೋಡಿದರಾಯಿತು ಎಂಬ ನಿರಾಳ ಬಂತು. ಬೇಸಗೆಯ ಶನಿವಾರ, ಭಾನುವಾರಗಳನ್ನು ಸಾಧ್ಯವಾದಷ್ಟೂ ಬಿಡಿ. ಶಾಲೆಗೆ ಹೋಗದ ಮಗುವಿದ್ದರೆ ವಾರದ ನಡುವೆ ಹೋಗಿ. ಆಗಲೂ ಶಾಲೆಗಳಿಂದ ಮಕ್ಕಳ ಗುಂಪುಗಳು ಬರುವುದುಂಟು, ಊಟದ ಹೊತ್ತು ಕಳೆದ ಮೇಲೆ ಅವರೆಲ್ಲ ಹೊರಟುಹೋಗುತ್ತಾರೆ.

ಕಾರಿನಲ್ಲಿ ವಾಂತಿಯಾಗುವ ಮಕ್ಕಳಿಗೆ ಹೊರಡುವ ಮುಂಚೆ ಹಾಲು ಕೊಡಬೇಡಿ. ಎರಡು ಇಡ್ಲಿ ಅಥವಾ ಒಣ ಬ್ರೆಡ್ಡು ಸಾಕು. ಟ್ಯಾಬು, ಪುಸ್ತಕ ಎರಡೂ ಬೇಡ. ಕಿಟಕಿಯಾಚೆ ದೂರ ನೋಡುತ್ತ ಕುಳಿತರೆ ಹೊಟ್ಟೆ ತೊಳಸುವುದು ಕಡಿಮೆ. ಗಿಲ್ರಾಯ್ ಹತ್ತಿರ ಬಂದಾಗ ಕಿಟಕಿ ಇಳಿಸಿ ಬೆಳ್ಳುಳ್ಳಿಯ ವಾಸನೆ ಬರುತ್ತದೆಯೇ ಎಂದು ಕೇಳಿ, ಆ ಊರು ಬೆಳ್ಳುಳ್ಳಿಗೆ ಹೆಸರುವಾಸಿ. ನಮ್ಮ ಮೊಮ್ಮಕ್ಕಳಿಗೆ ಇದೊಂದು ಆಟವೇ ಆಗಿದೆ. ಒಂದು ಜೊತೆ ಬಟ್ಟೆ, ಒದ್ದೆ ಟವೆಲ್ಲು, ಪ್ಲಾಸ್ಟಿಕ್ ಚೀಲ ನಿಮ್ಮ ಕಾಲ ಬಳಿಯೇ ಇರಲಿ.

ಇನ್ನು ಸ್ವೆಟರ್. ಸನಿವೇಲ್‌ನಲ್ಲಿ ಬೆವರು ಸುರಿಯುತ್ತಿರುವಾಗ ಸ್ವೆಟರ್ ಯಾಕೆಂದು ಎಲ್ಲರೂ ಕೇಳುತ್ತಾರೆ. ಮಾಂಟೆರೆಯ ಕಡಲು ಬೇಸಗೆಯಲ್ಲೂ ತಣ್ಣಗೇ ಇರುತ್ತದೆ. ಗಾಳಿಯ ಸೆಳೆತಕ್ಕೆ ಆಳದ ತಣ್ಣೀರು ದಡದ ಬಳಿ ಮೇಲೆದ್ದು ಬರುತ್ತದೆ. ಆ ನೀರಿನ ಮೇಲೆ ಬೀಸುವ ಗಾಳಿ ತಂಪಾಗಿ ಮಂಜಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದವರೆಗೂ ಬಿಸಿಲು ಕಾಣದ ದಿನಗಳುಂಟು. ಆಳದಿಂದ ಬರುವ ಆ ನೀರಿನಲ್ಲೇ ಕಡಲ ಸಸ್ಯಗಳಿಗೆ ಬೇಕಾದ ಪೋಷಣೆಯೂ ಇರುವುದರಿಂದ ಅಲ್ಲಿ ಅಷ್ಟೊಂದು ಜೀವರಾಶಿ. ವಯಸ್ಸಾದವರಿಗೆ ಪೂರ್ತಿ ತೋಳಿನ ಸ್ವೆಟರ್, ಕಿವಿ ಮುಚ್ಚುವಂತೆ ಒಂದು ಮಫ್ಲರ್ ಬೇಕೇ ಬೇಕು. ಸೀರೆ ಉಡುವವರು ಒಳಗೆ ಕಾಲುಚೀಲ ಹಾಕಿಕೊಂಡು ಶೂ ತೊಡಿ. ಕಾಂಕ್ರೀಟಿನ ನೆಲದ ಮೇಲೆ ಮೂರು ನಾಲ್ಕು ಗಂಟೆ ಚಪ್ಪಲಿಯಲ್ಲಿ ನಡೆದರೆ ಮೊಣಕಾಲು ಎರಡು ದಿನ ಮಾತು ಕೇಳುವುದಿಲ್ಲ.

ಬುತ್ತಿಯ ವಿಷಯದಲ್ಲಿ ನನ್ನ ಮಾತು ನಂಬಿ. ಮೊಸರನ್ನವನ್ನು ಬೆಳಗ್ಗೆಯೇ ಪೂರ್ತಿ ಮೊಸರಿನಲ್ಲಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗಿ ಗಟ್ಟಿಯಾಗುತ್ತದೆ. ಅನ್ನವನ್ನು ಬಿಸಿ ಇರುವಾಗಲೇ ಚೆನ್ನಾಗಿ ಕಿವುಚಿ, ಹಾಲು ಧಾರಾಳವಾಗಿ ಸುರಿದು, ಪೂರ್ತಿ ಆರಿದ ಮೇಲೆ ಎರಡು ಚಮಚ ಮೊಸರು ಬೆರೆಸಿ, ಸಾಸಿವೆ ಶುಂಠಿಯ ಒಗ್ಗರಣೆ ಕೊಟ್ಟು ಮುಚ್ಚಿಡಿ. ಒಂದು ಗಂಟೆಯ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಪುಳಿಯೋಗರೆ ಬೇಗ ಕೆಡುವುದಿಲ್ಲ. ಮಕ್ಕಳಿಗೆ ಚಪಾತಿಯೊಳಗೆ ಆಲೂಗಡ್ಡೆ ಪಲ್ಯ ಸುತ್ತಿ ಒಂದೊಂದನ್ನೂ ಬೇರೆ ಕಾಗದದಲ್ಲಿ ಕಟ್ಟಿದರೆ ತಟ್ಟೆಯೂ ಬೇಡ, ಚಮಚವೂ ಬೇಡ. ಸೌತೆಕಾಯಿ ಹೆಚ್ಚಿಕೊಳ್ಳಿ, ಉಪ್ಪು ಮಾತ್ರ ಅಲ್ಲೇ ಹಾಕಿ. ಇಲ್ಲದಿದ್ದರೆ ಡಬ್ಬಿ ತುಂಬ ನೀರು. ಫ್ಲಾಸ್ಕಿನಲ್ಲಿ ಕಾಫಿ ಇರಲಿ, ಆ ಮಂಜಿನಲ್ಲಿ ಅದರ ಬೆಲೆ ತಿಳಿಯುತ್ತದೆ. ಅಕ್ವೇರಿಯಂನಿಂದ ಹೊರಗೆ ಹೋಗುವಾಗ ಅದೇ ದಿನ ಮತ್ತೆ ಒಳಗೆ ಬರಬಹುದೇ ಎಂದು ಬಾಗಿಲಲ್ಲಿ ಮೊದಲೇ ಕೇಳಿಕೊಳ್ಳಿ. ಅಕ್ವೇರಿಯಂ ಇರುವ ಕ್ಯಾನರಿ ರೋ ಬೀದಿಯ ಇನ್ನೊಂದು ತುದಿಯಲ್ಲಿ ಸ್ಯಾನ್ ಕಾರ್ಲೋಸ್ ಕಡಲತೀರವಿದೆ, ಹುಲ್ಲುಹಾಸಿನ ಮೇಲೆ ಚಾಪೆ ಹಾಸಿ ಉಣ್ಣಬಹುದು. ಸೀಗಲ್ ಹಕ್ಕಿಗಳ ಮೇಲೆ ಕಣ್ಣಿರಲಿ. ನಮ್ಮ ಚಿಕ್ಕವನ ಕೈಯಲ್ಲಿದ್ದ ಚಪಾತಿಯನ್ನು ಒಂದು ಹಕ್ಕಿ ಎರಗಿ ಕಿತ್ತುಕೊಂಡು ಹೋಯಿತು, ಮಗು ಹೆದರಿ ಬಹಳ ಹೊತ್ತು ಅತ್ತಿತು. ಮಕ್ಕಳನ್ನು ನಡುವೆ ಕೂರಿಸಿ ಸುತ್ತ ದೊಡ್ಡವರು ಕುಳಿತುಕೊಳ್ಳಿ.

ಈಗ ಒಳಗಿನ ಮಾತು. ಹೋಗುವ ಮುಂಚೆಯೇ ಮೂರು ನೋಟಗಳನ್ನು ಆರಿಸಿಕೊಳ್ಳಿ, ಮೂರು ಮಾತ್ರ. ಮನೆಯ ಅತಿ ಚಿಕ್ಕವರು ಮತ್ತು ಅತಿ ಹಿರಿಯರು ಎಷ್ಟು ಹೊತ್ತು ನಿಲ್ಲಬಲ್ಲರೋ ಅಷ್ಟೇ ದಿನದ ಅಳತೆ. ಉಳಿದದ್ದು ದಾರಿಯಲ್ಲಿ ಕಂಡರೆ ಲಾಭ.

ಬಾಗಿಲು ತೆರೆದ ಕೂಡಲೇ ನೇರವಾಗಿ ಕೆಲ್ಪ್ ಕಾಡಿಗೆ ಹೋಗಿ. ಇದು 28 ಅಡಿ ಎತ್ತರದ ಗಾಜಿನ ತೊಟ್ಟಿ, ಎರಡು ಅಂತಸ್ತಿನ ಮನೆಗಿಂತ ಎತ್ತರ. ಒಳಗೆ ತೊಟ್ಟಿಯ ತಳದಿಂದ ಮೇಲಿನವರೆಗೆ ಬೆಳೆದು ನಿಂತ ಕಂದು ಬಣ್ಣದ ದೈತ್ಯ ಕಡಲ ಪಾಚಿಯೇ ಕೆಲ್ಪ್. ಮೇಲ್ಗಡೆ ಚಾವಣಿ ಇಲ್ಲ, ಬಿಸಿಲು ನೇರವಾಗಿ ನೀರಿಗೆ ಬೀಳುತ್ತದೆ. ಯಂತ್ರವೊಂದು ಅಲೆಯನ್ನು ದೂಡುತ್ತಲೇ ಇರುವುದರಿಂದ ಇಡೀ ಕಾಡು ಒಮ್ಮೆ ಆಚೆ, ಒಮ್ಮೆ ಈಚೆ ಓಲಾಡುತ್ತದೆ. ಆ ಅಲುಗಾಟ ಇಲ್ಲದಿದ್ದರೆ ಕೆಲ್ಪ್ ಬದುಕುವುದಿಲ್ಲ. ನೀರು ಬರುವುದು ಪಕ್ಕದ ಕೊಲ್ಲಿಯಿಂದಲೇ. ನಮಗೆ ಸ್ವಚ್ಛವಾಗಿ ಕಾಣಲೆಂದು ಹಗಲು ಸೋಸಿ ಬಿಡುತ್ತಾರೆ, ರಾತ್ರಿ ಸೋಸದೆ ಬಿಡುತ್ತಾರೆ. ಆಗ ಕಣ್ಣಿಗೆ ಕಾಣದ ಮರಿಗಳೂ ಬೀಜಾಣುಗಳೂ ತೇಲಿಬಂದು ಬಂಡೆಗಳಿಗೆ ಅಂಟಿಕೊಂಡು ತಾವಾಗಿಯೇ ಬೆಳೆಯುತ್ತವೆ. ಕೆಲ್ಪ್ ದಿನಕ್ಕೆ ನಾಲ್ಕು ಅಂಗುಲದಷ್ಟು ಬೆಳೆಯುವುದರಿಂದ ಮುಳುಗುಗಾರರು ಇಳಿದು ನಮ್ಮ ಬೇಲಿ ಗಿಡ ಕತ್ತರಿಸಿದ ಹಾಗೆ ಕತ್ತರಿಸುತ್ತಿರಬೇಕು.

ಮಕ್ಕಳನ್ನು ಗಾಜಿನ ಮುಂದೆ ನೆಲದ ಮೇಲೆ ಕೂರಿಸಿ, ಇಪ್ಪತ್ತು ನಿಮಿಷ ಏಳಬೇಡಿ. ಮೊದಲ ಐದು ನಿಮಿಷ ಅವರು ಚಡಪಡಿಸುತ್ತಾರೆ. ಆಮೇಲೆ ಕಣ್ಣು ಪಳಗುತ್ತದೆ. ಪ್ರತಿ ಎಲೆಯ ಬುಡದಲ್ಲೂ ಗಾಳಿ ತುಂಬಿದ ಒಂದೊಂದು ಸಣ್ಣ ಬುರುಡೆ ಇದೆ, ಅದೇ ಎಲೆಯನ್ನು ಮೇಲೆತ್ತಿ ಹಿಡಿದಿದೆ ಎಂದು ನನಗೆ ತೋರಿಸಿಕೊಟ್ಟವಳು ಮೊಮ್ಮಗಳು. ಕೆನ್ನೆಯನ್ನು ಗಾಜಿಗೆ ಒತ್ತಿ ಮೇಲಕ್ಕೆ ನೋಡುತ್ತಿದ್ದಳು. ಬೆಳ್ಳಿಯ ಬೂತಾಯಿಗಳ ಹಿಂಡು ತಲೆಯ ಮೇಲೆ ಸುತ್ತು ಹಾಕಿ, ಮೋಡ ಸರಿದು ಬಿಸಿಲು ಬಿದ್ದಾಗ ಒಟ್ಟಿಗೇ ಮಿಂಚಿತು. ಅದರ ಅಡಿಯಲ್ಲಿ ಮೈಮೇಲೆ ಚುಕ್ಕೆಗಳಿರುವ ಚಿರತೆ ಶಾರ್ಕ್ ಒಂದು ಯಾವ ಅವಸರವೂ ಇಲ್ಲದೆ ಹಾದುಹೋಯಿತು. ಮುಳುಗುಗಾರರು ಮೀನುಗಳಿಗೆ ಆಹಾರ ಕೊಡುವ ಹೊತ್ತನ್ನು ಒಳಗೆ ಹೋಗುವಾಗಲೇ ವಿಚಾರಿಸಿ. ಆ ಹೊತ್ತಿಗೆ ಜನ ಕಿಕ್ಕಿರಿಯುತ್ತಾರೆ, ಹತ್ತು ನಿಮಿಷ ಮುಂಚೆ ಜಾಗ ಹಿಡಿದರೆ ಮಕ್ಕಳು ಮುಂದೆ ಕೂರಬಹುದು.

ಎರಡನೆಯದು ನೀರುನಾಯಿ. ನಮ್ಮ ಕಾವೇರಿಯಲ್ಲೂ ತುಂಗಭದ್ರೆಯಲ್ಲೂ ನೀರುನಾಯಿಗಳಿವೆ. ತುಂಗಭದ್ರೆಯಲ್ಲಿ 2015ರಲ್ಲಿ ಅವುಗಳಿಗೆಂದೇ ಸಂರಕ್ಷಿತ ಪ್ರದೇಶ ಘೋಷಿಸಿದ್ದಾರೆ. ಮಾಂಟೆರೆಯವು ಅವುಗಳ ಕಡಲ ಬಂಧುಗಳು. ತಿಮಿಂಗಿಲ, ಸೀಲ್‌ಗಳಿಗಿರುವ ಕೊಬ್ಬಿನ ಪದರ ಇವಕ್ಕಿಲ್ಲ. ಅಷ್ಟು ತಣ್ಣನೆಯ ನೀರಿನಲ್ಲಿ ತುಪ್ಪಳವೇ ಇವುಗಳ ಕಂಬಳಿ. ಒಂದು ಚದರ ಅಂಗುಲದಲ್ಲಿ ಹತ್ತು ಲಕ್ಷದವರೆಗೂ ಕೂದಲು. ಅದು ಗಂಟುಗಟ್ಟದಂತೆ ಸದಾ ಉಜ್ಜಿಕೊಳ್ಳುತ್ತ, ಉರುಳುತ್ತ, ಗಾಳಿ ಊದುತ್ತ ಇರುತ್ತವೆ. ಮೈ ಬೆಚ್ಚಗಿರಲು ದಿನಕ್ಕೆ ತಮ್ಮ ತೂಕದ ಕಾಲು ಭಾಗದಷ್ಟು ತಿನ್ನುತ್ತವೆ. ತಾಯಿ ತಪ್ಪಿ ದಡಕ್ಕೆ ಬಂದ ಮರಿಗಳನ್ನು ಇಲ್ಲಿನ ಹೆಣ್ಣು ನೀರುನಾಯಿಗಳು ಸಾಕುತಾಯಿಯಂತೆ ಬೆಳೆಸುತ್ತವೆ, ದೊಡ್ಡವಾದ ಮೇಲೆ ಅವುಗಳನ್ನು ಕಡಲಿಗೆ ಬಿಡುತ್ತಾರೆ. ಇದನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ನನ್ನ ಕೈ ಹಿಡಿದು ಸುಮ್ಮನೆ ನಿಂತಳು. ತೊಟ್ಟಿಯಲ್ಲಿ ನೋಡಿದ ಮೇಲೆ ಹಿಂಭಾಗದ ಕಟ್ಟೆಗೆ ಹೋಗಿ ಕೊಲ್ಲಿಯ ಕಡೆ ನೋಡಿ. ಮನೆಯಿಂದ ಒಂದು ದುರ್ಬೀನು ತಂದಿದ್ದರೆ ಅದಕ್ಕೆ ಈಗ ಕೆಲಸ. ಕಾಡು ನೀರುನಾಯಿಗಳು ಕೆಲ್ಪ್ ಹೊದ್ದುಕೊಂಡು ಮಲಗಿರುವುದು ಅದೃಷ್ಟವಿದ್ದರೆ ಕಾಣುತ್ತದೆ. ಒಂದು ಸಲ ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಒಡೆಯುವ ಟಕ್ ಟಕ್ ಸದ್ದೂ ನಮಗೆ ಕೇಳಿಸಿತು.

ಮೂರನೆಯದನ್ನು ಮಕ್ಕಳೇ ಆರಿಸಲಿ. ಲೋಳೆ ಮೀನುಗಳ ಕೋಣೆ ಬಹಳ ಚೆಂದ, ಆದರೆ ಕತ್ತಲು. ಹೆದರುವ ಮಗುವನ್ನು ಎತ್ತಿಕೊಂಡು ಹೋಗಿ. ತಲೆಯ ಮೇಲಿನ ಗಾಜಿಗೆ ಅಲೆ ಬಂದು ಅಪ್ಪಳಿಸುವ ಜಾಗವೊಂದಿದೆ, ಅಲ್ಲಿಯೂ ಮೊದಲೇ ಹೇಳಿ ಕರೆದೊಯ್ಯಿರಿ. ನಕ್ಷತ್ರ ಮೀನು, ತೊರಕೆಗಳನ್ನು ಮುಟ್ಟಲು ಬಿಡುವ ತೊಟ್ಟಿಗಳಲ್ಲಿ ಮಕ್ಕಳ ತೋಳು ಒದ್ದೆಯಾಗುವುದು ಖಂಡಿತ. ತೋಳನ್ನು ಮೊಣಕೈ ಮೇಲೆ ಮಡಚಿ, ಮೆಲ್ಲಗೆ ಸವರಲು ಹೇಳಿ, ಆಮೇಲೆ ಸೋಪು ಹಾಕಿ ಕೈ ತೊಳೆಸಿ.

ಗಾಜು ತಟ್ಟಬಾರದೆಂಬ ಪಾಠ ಮನೆಯಲ್ಲೇ ಆಗಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಮತ್ಸ್ಯಾಲಯ ಶುರುವಾದದ್ದು 1983ರಲ್ಲಿ. ಅದಾದ ಒಂದೆರಡು ವರ್ಷಕ್ಕೆ ಮಗನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಸಂತೋಷದಲ್ಲಿ ಅವನು ಎರಡೂ ಕೈಯಿಂದ ಗಾಜು ತಟ್ಟಿದ. ಮೀನು ಬೆಚ್ಚಿ ಮೂಲೆ ಸೇರಿ ಮತ್ತೆ ಈಚೆ ಬರಲೇ ಇಲ್ಲ. ಸದ್ದು ಗಾಳಿಗಿಂತ ನೀರಿನಲ್ಲಿ ನಾಲ್ಕು ಪಟ್ಟು ವೇಗವಾಗಿ ಹೋಗುತ್ತದೆ, ಮೀನಿನ ಮೈಯ ಪಕ್ಕದ ಗೆರೆ ನೀರಿನ ಚಿಕ್ಕ ಕಂಪನವನ್ನೂ ಗ್ರಹಿಸುತ್ತದೆ. ಸ್ಟೀಲಿನ ಪಾತ್ರೆಯೊಳಗೆ ತಲೆ ಇಟ್ಟಾಗ ಯಾರಾದರೂ ಹೊರಗಿನಿಂದ ಬಡಿದರೆ ಹೇಗಿರುತ್ತದೆ ಎಂದು ಕೇಳಿ, ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಮೊಬೈಲಿನ ಫ್ಲ್ಯಾಶ್ ಆರಿಸುವುದನ್ನು ದೊಡ್ಡವರು ಮರೆಯಬಾರದು.

ಬೆಳಗ್ಗೆ ಕಾರಿನಿಂದ ಇಳಿದ ಕೂಡಲೇ ಪ್ರತಿ ಮಗುವಿನ ಒಂದು ಫೋಟೊ ತೆಗೆಯಿರಿ. ಗುಂಪಿನಲ್ಲಿ ಕೈ ತಪ್ಪಿದರೆ ಯಾವ ಬಣ್ಣದ ಅಂಗಿ ಎಂದು ತಡವರಿಸಬೇಕಾಗಿಲ್ಲ. ಅಪ್ಪನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಇಂಗ್ಲಿಷ್ ಸಲೀಸಾಗಿ ಬಾರದ ಅಜ್ಜ ಅಜ್ಜಿಯ ಜೇಬಿನಲ್ಲೂ ಅಂಥದ್ದೇ ಚೀಟಿ ಇರಲಿ. ತಪ್ಪಿಸಿಕೊಂಡರೆ ಸೇರುವ ಜಾಗ ಎಲ್ಲರಿಗೂ ಗೊತ್ತಿರಬೇಕು. ನಾವು ಪ್ರವೇಶದ ಬಳಿಯ ಹಳೆಯ ಬಾಯ್ಲರ್‌ಗಳನ್ನು ಗುರುತು ಮಾಡಿಕೊಂಡಿದ್ದೇವೆ. 1984ರಲ್ಲಿ ಅಕ್ವೇರಿಯಂ ಆಗುವ ಮುಂಚೆ ಅಲ್ಲಿ ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಇತ್ತು, ಅದರ ಬಾಯ್ಲರ್‌ಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಅಷ್ಟು ದೊಡ್ಡವು, ಯಾರಿಗೂ ಗುರುತು ತಪ್ಪುವುದಿಲ್ಲ. ನಡೆಯಲು ಕಷ್ಟವಿದ್ದವರು ಗಾಲಿಕುರ್ಚಿ ಕೇಳಲು ಸಂಕೋಚಪಡಬೇಡಿ. ನಮ್ಮ ಯಜಮಾನರು ಮೊದಲು ಒಪ್ಪಲಿಲ್ಲ. ಕುಳಿತ ಮೇಲೆ ನಮಗಿಂತ ಹೆಚ್ಚು ನೋಡಿದವರು ಅವರೇ.

ಆಟಿಕೆ ಅಂಗಡಿಯ ಮಾತನ್ನು ಕಾರಿನಲ್ಲೇ ಮುಗಿಸಿ. ಒಬ್ಬರಿಗೆ ಒಂದು ವಸ್ತು, ಇಷ್ಟು ಡಾಲರಿನೊಳಗೆ ಎಂದು ಮೊದಲೇ ಹೇಳಿದರೆ ಮಕ್ಕಳು ಒಪ್ಪುತ್ತಾರೆ. ಅಂಗಡಿಯೊಳಗೆ ನಿಂತು ಹೇಳಿದರೆ ಒಪ್ಪುವುದಿಲ್ಲ.

ಮೂರು ಗಂಟೆಗೆ ಹೊರಡಿ. ಇನ್ನೊಂದನ್ನು ನೋಡೋಣ ಎನ್ನಿಸುತ್ತದೆ, ಆದರೆ ತಡಮಾಡಿದರೆ ಸ್ಯಾನ್ ಹೋಸೆಯ ಬಳಿ ಕಚೇರಿ ಬಿಟ್ಟ ವಾಹನಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಹೊರಡುವಾಗ ಮಕ್ಕಳ ಒದ್ದೆ ಕಾಲುಚೀಲ ಬದಲಿಸಿದರೆ ಗಿಲ್ರಾಯ್ ಬರುವುದರೊಳಗೆ ನಿದ್ದೆ. ಮನೆಗೆ ಬಂದು ಒಲೆ ಮುಂದೆ ನಿಲ್ಲುವ ಶಕ್ತಿ ಯಾರಿಗೂ ಇರುವುದಿಲ್ಲ. ಹಿಂದಿನ ರಾತ್ರಿಯೇ ತಿಳಿಸಾರು ಕುದಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟಿರಿ, ಹಪ್ಪಳ ಸುಟ್ಟು ಡಬ್ಬಿಗೆ ಹಾಕಿರಿ. ಒಳಗೆ ಕಾಲಿಟ್ಟವರು ಅಕ್ಕಿ ತೊಳೆದು ಕುಕ್ಕರ್ ಇಟ್ಟರೆ, ಮಕ್ಕಳ ಕೈಕಾಲು ತೊಳೆಸುವಷ್ಟರಲ್ಲಿ ಊಟ ಸಿದ್ಧ.