ಸಿಗಡಿಯನ್ನು ಅಂಗಾತ ಮಲಗಿಸಿ ಬಂಗುಡೆಯ ಪಕ್ಕ ಇಟ್ಟಾಗ

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರಾಣಿ ವಂಶಗಳ ಪಾಠ ಬಂತೆಂದರೆ ಮಕ್ಕಳು ಕೋಷ್ಟಕ ಬಾಯಿಪಾಠ ಮಾಡಲು ಕೂರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದರಲ್ಲಿ ಒಂದೂ ಉಳಿಯುವುದಿಲ್ಲ. ಅದಕ್ಕೇ ನಾನು ಕೋಷ್ಟಕವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಬೇಗ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋಗಿ ತಲೆ ಸಮೇತ ಇರುವ ದೊಡ್ಡ ಸಿಗಡಿ, ಬಂಗುಡೆ, ಬೊಂಡಾಸ್ (ಸ್ಕ್ವಿಡ್) ತರುತ್ತೇನೆ. ಎರೆಹುಳು ಮನೆಯ ಗೊಬ್ಬರದ ಡಬ್ಬಿಯಲ್ಲೇ ಸಿಗುತ್ತದೆ.

ಎಲ್ಲಕ್ಕೂ ಅದೇ ಮೂರು ಪ್ರಶ್ನೆ. ನರಹುರಿ ಯಾವ ಕಡೆ? ಹೃದಯ ಯಾವ ಕಡೆ? ಕರುಳು ಎಲ್ಲಿ ಹಾದುಹೋಗುತ್ತದೆ?

ಶುರು ಮಾಡುವುದು ಸಿಗಡಿಯಿಂದ. ಅಡುಗೆಗೆ ಮುಂಚೆ ಬೆನ್ನಿನಿಂದ ಎಳೆದು ಬಿಸಾಡುವ ಕಪ್ಪು ಎಳೆ ಅದರ ಕರುಳು. ನರಹುರಿ ಬೇಕೆಂದರೆ ಅಂಗಾತ ಮಲಗಿಸಿ, ಈಜುಕಾಲುಗಳ ಮಧ್ಯೆ ಸಣ್ಣ ಕತ್ತರಿಯಿಂದ ಮೆಲ್ಲಗೆ ಸೀಳಬೇಕು. ಆತುರ ಮಾಡಿದರೆ ಮಾಂಸದ ಜೊತೆ ಅದೂ ಕಿತ್ತು ಬರುತ್ತದೆ. ಸರಿಯಾಗಿ ಬಿಡಿಸಿದರೆ ತೆಳ್ಳನೆಯ ಬಿಳಿ ದಾರ ಕಾಣುತ್ತದೆ, ನಡುನಡುವೆ ಪುಟ್ಟ ಗಂಟುಗಳು. ಹೃದಯ ಇರುವುದು ಇದರ ಎದುರು ಬದಿಯಲ್ಲಿ, ತಲೆಯ ಚಿಪ್ಪಿನ ಒಳಗೆ ಹಿಂಭಾಗದಲ್ಲಿ, ಬೆನ್ನಿಗೆ ಅಂಟಿಕೊಂಡಂತೆ. ಸಿಗಡಿ ತಾಜಾ ಇಲ್ಲದಿದ್ದರೆ ಆ ಜಾಗವೆಲ್ಲ ಕಲಸಿಹೋಗಿರುತ್ತದೆ.

ಈಗ ಬಂಗುಡೆಯನ್ನು ಅಡ್ಡಕ್ಕೆ ಕತ್ತರಿಸಿ. ನಡುಮುಳ್ಳಿನ ಮೇಲ್ಗಡೆ ಸಣ್ಣ ತೂತು, ಅದರೊಳಗೆ ಬಿಳಿ ಚುಕ್ಕೆ. ಅದೇ ಮಿದುಳುಬಳ್ಳಿ, ಅಂದರೆ ಮೀನಿನ ನರಹುರಿ. ಹೃದಯ ಕಿವಿರುಗಳ ಕೆಳಗೆ, ಎದೆಯ ಕಡೆ. ಅಂದರೆ ಎಲ್ಲವೂ ಸಿಗಡಿಗೆ ತದ್ವಿರುದ್ಧ! ಸಿಗಡಿಯನ್ನು ಅಂಗಾತ ಮಾಡಿ ಮೀನಿನ ಪಕ್ಕ ಇಟ್ಟುಬಿಟ್ಟರೆ ಎರಡರಲ್ಲೂ ನರಹುರಿ ಮೇಲೆ, ಹೃದಯ ಕೆಳಗೆ. ಇಲ್ಲಿಗೆ ಬರುವಷ್ಟರಲ್ಲಿ ಮಕ್ಕಳೆಲ್ಲ ಮೇಜಿನ ಸುತ್ತ ಸೇರಿರುತ್ತಾರೆ.

ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜೆಫ್ರಾ ಸೆಂಟ್ ಇಲೇರ್ 1822ರಲ್ಲಿ ಲಾಬ್‌ಸ್ಟರ್ ಅನ್ನು ಹೀಗೇ ಮಗುಚಿ ತೋರಿಸಿದ್ದ. ಪ್ರಾಣಿಗಳನ್ನು ನಾಲ್ಕು ಬೇರೆ ಬೇರೆ ಗುಂಪು ಮಾಡಿದ್ದ ಅಲ್ಲಿನದೇ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ ಕುವಿಯೆ ಇಂಥ ಹೋಲಿಕೆಗಳನ್ನು ಒಪ್ಪಲಿಲ್ಲ. 1830ರಲ್ಲಿ ಪ್ಯಾರಿಸ್‌ನಲ್ಲಿ ಇಬ್ಬರ ನಡುವೆ ದೊಡ್ಡ ವಾದವೇ ನಡೆಯಿತು. ಜೆಫ್ರಾನ ಮಾತಿಗೆ ಬಲ ಬಂದದ್ದು 1990ರ ದಶಕದಲ್ಲಿ. ನೊಣದ ಭ್ರೂಣದಲ್ಲಿ ಹೊಟ್ಟೆಯ ಕಡೆ ಕೆಲಸ ಮಾಡುವ ಸಾಗ್ ಎಂಬ ಜೀನ್, ಕಪ್ಪೆಯ ಬೆನ್ನಿನ ಕಡೆ ಕೆಲಸ ಮಾಡುವ ಕಾರ್ಡಿನ್ ಎಂಬ ಜೀನ್‌ನ ನೆಂಟ ಎಂದು ಗೊತ್ತಾಯಿತು. ಎರಡೂ ಪ್ರಾಣಿಗಳಲ್ಲಿ ನರಹುರಿ ಹುಟ್ಟುವುದು ಆ ಜೀನ್ ಕೆಲಸ ಮಾಡುವ ಬದಿಯಲ್ಲೇ. ನಮ್ಮ ಪೂರ್ವಜರ ಸಾಲಿನಲ್ಲಿ ಎಲ್ಲೋ ದೇಹ ಮಗುಚಿಕೊಂಡಿದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ನನಗೆ ಈ ಇಡೀ ಪಾಠದಲ್ಲಿ ಇದಕ್ಕಿಂತ ಚೆಂದದ ವಿಷಯ ಬೇರೆ ಇಲ್ಲ.

ಎರೆಹುಳುವನ್ನು ಕೊಯ್ಯಲು ಬಿಡುವುದಿಲ್ಲ. ಒದ್ದೆ ಕಾಗದದ ಮೇಲೆ ಬಿಟ್ಟು ಭೂತಗನ್ನಡಿ ಹಿಡಿದರೆ ಸಾಕು. ಬೆನ್ನಿನ ಕೆಂಪು ನಾಳ ಮಿಡಿಯುವುದು ಚರ್ಮದ ಮೇಲಿಂದಲೇ ಕಾಣುತ್ತದೆ, ರಕ್ತ ಬಾಲದಿಂದ ತಲೆಯ ಕಡೆಗೆ ಹೋಗುತ್ತದೆ. ಮೀನಿನ ಬೆನ್ನಿನ ದೊಡ್ಡ ನಾಳದಲ್ಲಿ ರಕ್ತ ಹರಿಯುವುದು ಬಾಲದ ಕಡೆಗೆ. ನೋಡಿ, ಇಲ್ಲೂ ಉಲ್ಟಾ ಅಲ್ವಾ?

ನಕ್ಷತ್ರಮೀನಿಗೆ ಚಿತ್ರವೇ ಗತಿ. ಐದು ತೋಳಿನ ಅದು ಸಿಗಡಿಗಿಂತ ನಮಗೇ ಹತ್ತಿರದ ನೆಂಟ ಎಂದರೆ ಮಕ್ಕಳು ನಂಬುವುದಿಲ್ಲ. ಅದರ ಮರಿ ನಮ್ಮ ಹಾಗೆ ಎಡ ಬಲ ಇರುವ ಪ್ರಾಣಿ ಎಂದು ತೋರಿಸಿದ ಮೇಲೆ ಸ್ವಲ್ಪ ಒಪ್ಪುತ್ತಾರೆ.

ಜಾಸ್ತಿ ಹೊತ್ತು ಹಿಡಿಯುವುದು ಬೊಂಡಾಸ್. ಮೂರು ಹೃದಯ, ಮಿದುಳಿನ ನಡುವೆಯೇ ಹಾದುಹೋಗುವ ಅನ್ನನಾಳ. ಆದರೆ ಅದರ ಹೊಟ್ಟೆಯ ಬದಿ ಯಾವುದು ಎಂದು ಕೇಳಿದರೆ ತಲೆಗೊಂದು ಉತ್ತರ. ಆಗ ಬಸವನಹುಳುವಿನ ಚಿತ್ರವನ್ನು ಪಕ್ಕದಲ್ಲಿಡುತ್ತೇನೆ. (ಮಳೆಗಾಲದಲ್ಲಿ ನಮ್ಮ ತೋಟಗಳಲ್ಲಿ ಕಾಣುವ ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ರೋಗ ತರುವ ಹುಳು ಅದರಲ್ಲಿರಬಹುದು.) ಬಸವನಹುಳು ತೆವಳುವ ಪಾದ ಇರುವುದು ಹೊಟ್ಟೆಯ ಬದಿಯಲ್ಲಿ, ಆ ಪಾದದ ಜಾಗದಲ್ಲಿ ಬೊಂಡಾಸ್‌ಗೆ ತೋಳುಗಳಿವೆ. ಹಾಗಾಗಿ ತೋಳು ಕೆಳಗೆ ಬರುವಂತೆ, ಚೂಪು ತುದಿ ಮೇಲಾಗುವಂತೆ ಅದನ್ನು ನೆಟ್ಟಗೆ ನಿಲ್ಲಿಸಿ ಚಿತ್ರ ಬರೆಸುತ್ತೇನೆ. ಆ ಚಿತ್ರ ಆದ ಮೇಲೇ ಬೋರ್ಡಿನ ಮೇಲೆ ಕೋಷ್ಟಕ.