ಪ್ರೋಗ್ರಾಮಿಂಗ್ ಸರ್ಟಿಫಿಕೇಟ್ ಕೋರ್ಸಿಗೆ ಅರ್ಜಿ ಹಾಕುವವರಿಗೆ, ಕುಮಟಾದ ಜೆರಾಕ್ಸ್ ಅಂಗಡಿಯಿಂದ

ಕುಮಟಾ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನ ಮೇಲೆ ಜೆರಾಕ್ಸ್ ಅಂತ ಇದ್ದರೂ ದಿನದ ಅರ್ಧ ಹೊತ್ತು ಆನ್‌ಲೈನ್ ಅರ್ಜಿ ತುಂಬುವುದರಲ್ಲೇ ಹೋಗುತ್ತದೆ. ಹನ್ನೊಂದು ವರ್ಷ ಬೇರೆಯವರ ಅರ್ಜಿ ತುಂಬಿದೆ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ನನ್ನ ಅರ್ಜಿ ನಾನೇ ತುಂಬಿದೆ. ಅದು ಐಐಟಿ ಮದ್ರಾಸ್‌ನವರು 2020ರಲ್ಲಿ ಶುರು ಮಾಡಿದ ಆನ್‌ಲೈನ್ ಕೋರ್ಸಿಗೆ.

ಈಗ ಅಂಗಡಿಗೆ ಬರುವ ಮಕ್ಕಳು "ಅಕ್ಕಾ, ನಮ್ಗೂ ಹಾಕಿಕೊಡಿ" ಅನ್ನುತ್ತಾರೆ. ಅವರನ್ನು ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಆ ಕೋರ್ಸ್ ಹೇಗಿದೆ ಅಂತ ಹೇಳುತ್ತೇನೆ. ಪೂರ್ತಿ ಓದಿದರೆ ಡೇಟಾ ಸೈನ್ಸ್‌ನಲ್ಲಿ ಬಿಎಸ್ ಪದವಿ. ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿದೆ, ನಡುವೆ ನಿಲ್ಲಿಸಬಹುದು. ಮೊದಲ ಮೆಟ್ಟಿಲು ಫೌಂಡೇಶನ್. ಅಲ್ಲಿ ಎಂಟು ವಿಷಯ. ಗಣಿತ ಎರಡು, ಸ್ಟ್ಯಾಟಿಸ್ಟಿಕ್ಸ್ ಎರಡು, ಇಂಗ್ಲಿಷ್ ಎರಡು, ಕಂಪ್ಯೂಟೇಶನಲ್ ಥಿಂಕಿಂಗ್ ಒಂದು, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಒಂದು. ಎಂಟೂ ಪಾಸಾದರೆ ಫೌಂಡೇಶನ್ ಸರ್ಟಿಫಿಕೇಟ್ ಸಿಗುತ್ತದೆ. ಮುಂದೆ ಪ್ರೋಗ್ರಾಮಿಂಗ್‌ನಲ್ಲೇ ಒಂದು ಡಿಪ್ಲೊಮಾ ಇದೆ. ಜೆಇಇ ಬೇಡ, ವಯಸ್ಸಿನ ಮಿತಿ ಇಲ್ಲ. ಪಿಯುಸಿ ಪಾಸಾಗಿರಬೇಕು, ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ನಾನು ಪಿಯುಸಿ ಕಾಮರ್ಸ್. ನನಗೂ ಬಾಗಿಲು ತೆರೆದಿತ್ತು.

ಪೈಥಾನ್ ಮೊದಲ ದಿನವೇ ಬರುವುದಿಲ್ಲ, ಇದು ತಿಳಿದಿರಲಿ. ಮೊದಲು ಕಂಪ್ಯೂಟೇಶನಲ್ ಥಿಂಕಿಂಗ್. ಒಂದು ಕಟ್ಟು ಚೀಟಿಯಿಂದ ಲೆಕ್ಕ ತೆಗೆಯುವುದು ಹೇಗೆ, ಎಣಿಸುವುದು ಹೇಗೆ, ಬೇಕಾದ್ದನ್ನು ಹುಡುಕುವುದು ಹೇಗೆ ಅಂತ ಅಲ್ಲಿ ಕಲಿಸುತ್ತಾರೆ. ಹಲವರಿಗೆ ಇದು ಬೇಸರ. ನನಗೆ ಅದೇ ಜಾಸ್ತಿ ಇಷ್ಟವಾಯಿತು. ರಾತ್ರಿ ಅಂಗಡಿಯ ಬಿಲ್ಲು ಜೋಡಿಸುವಾಗ ನಾನು ಮಾಡುತ್ತಿದ್ದದ್ದು ಅದೇ ಕೆಲಸ.

ದುಡ್ಡು ಕಟ್ಟುವ ಮೊದಲು ಒಂದು ಸಲ ಪುಕ್ಕಟೆ ಓದಿ ನೋಡಿ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ವ್ಯವಸ್ಥೆಯಲ್ಲಿ ಪೈಥಾನ್ ಕೋರ್ಸುಗಳಿವೆ. ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಸೇರಲು, ಪಾಠ ಕೇಳಲು, ವಾರದ ಅಸೈನ್‌ಮೆಂಟ್ ಹಾಕಲು ಖರ್ಚಿಲ್ಲ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ನಾನು 1,000 ರೂಪಾಯಿ ಕಟ್ಟಿದ್ದೆ. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಹನ್ನೆರಡು ವಾರದ ಕೋರ್ಸಿನಲ್ಲಿ ಐದನೇ ವಾರಕ್ಕೇ ಅಸೈನ್‌ಮೆಂಟ್ ನಿಂತುಹೋದರೆ, ದೊಡ್ಡ ಕೋರ್ಸಿಗೆ ಸೇರಲು ಇನ್ನೂ ಸ್ವಲ್ಪ ಕಾಯಿರಿ. ನಾನಂತೂ ಇದನ್ನು ಮುಗಿಸಿದ ಮೇಲೇ ಧೈರ್ಯ ಮಾಡಿದ್ದು.

ಇನ್ನು ಅರ್ಜಿಯ ವಿಷಯ. ಫಾರ್ಮ್ ತುಂಬಲು ಅರ್ಧ ಗಂಟೆ ಸಾಕು. ಅದಕ್ಕೆ ಬೇಕಾದ ಕಾಗದ ಸರಿ ಮಾಡಿಕೊಳ್ಳಲು ಕೆಲವರಿಗೆ ಎರಡು ತಿಂಗಳು ಬೇಕಾಗುತ್ತದೆ. ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರು. ನಮ್ಮಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಇರುತ್ತವೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಮೂರೂ ಇದ್ದರೆ ಆಧಾರ್‌ನಲ್ಲಿ ಎರಡೇ ಇರುತ್ತವೆ. ಇಂಗ್ಲಿಷಿನಲ್ಲಿ ನಾಯ್ಕ ಅಂತ ಬರೆಯುವಾಗ ಒಂದು ಕಡೆ ಎನ್ ಎ ಐ ಕೆ, ಇನ್ನೊಂದು ಕಡೆ ಎನ್ ಎ ವೈ ಎ ಕೆ. ಹೆಗಡೆ, ಗೌಡ, ಅಂಬಿಗ ಎಲ್ಲದಕ್ಕೂ ಇದೇ ಪಾಡು. ಕನ್ನಡದಲ್ಲಿ ಓದಿದರೆ ಒಂದೇ, ಕಂಪ್ಯೂಟರ್‌ಗೆ ಅದು ಬೇರೆ ಮನುಷ್ಯ.

ನನ್ನದು ಇನ್ನೊಂದು ಥರ. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಹಾಕಿಸಿದ್ದೆ. ಮದುವೆಯಾದ ಹೆಂಗಸರು ಇದನ್ನು ಮೊದಲು ನೋಡಿಕೊಳ್ಳಬೇಕು. ನನ್ನ ಪ್ಯಾನ್ ಕಾರ್ಡ್ ಮದುವೆಗೆ ಮೊದಲು ಮಾಡಿಸಿದ್ದು, ಅದರಲ್ಲಿ ಹಳೆಯ ಹೆಸರೇ ಉಳಿದಿತ್ತು. ಹಾಗಾಗಿ ಅರ್ಜಿಯನ್ನು ಹತ್ತನೇ ತರಗತಿಯ ಹೆಸರಿನಲ್ಲಿ ತುಂಬಿ, ಗುರುತಿಗೆ ಪ್ಯಾನ್ ಕೊಟ್ಟೆ. ನಿಮ್ಮ ಹತ್ತಿರ ಹಾಗೆ ಹೊಂದುವ ಗುರುತಿನ ಚೀಟಿ ಇಲ್ಲದಿದ್ದರೆ ಆಧಾರ್ ತಿದ್ದಿಸಿ. ಮಾರ್ಕ್ಸ್ ಕಾರ್ಡ್ ತಿದ್ದಿಸಲು ಶಾಲೆ, ಬೋರ್ಡು ಅಂತ ಅಲೆಯಬೇಕು. ಆಧಾರ್ ತಿದ್ದುವುದು ಅದಕ್ಕಿಂತ ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ. ಮಾರ್ಕ್ಸ್ ಕಾರ್ಡ್ ಎದುರಿಗಿಟ್ಟುಕೊಂಡು, ಒಂದೊಂದು ಅಕ್ಷರ ಓದಿ ಹೇಳಿ ಬರೆಸಿ. ಸರ್ಟಿಫಿಕೇಟಿನಲ್ಲಿ ಅಚ್ಚಾಗುವುದು ನೀವು ಅರ್ಜಿಯಲ್ಲಿ ಬರೆದ ಹೆಸರೇ.

ಜಾತಿ ಸರ್ಟಿಫಿಕೇಟ್ ವಿಷಯದಲ್ಲೂ ಜನ ಎಡವುತ್ತಾರೆ. ನಾಡಕಚೇರಿಯಿಂದ ತಂದ 2ಎ ಸರ್ಟಿಫಿಕೇಟ್ ರಾಜ್ಯದ ಕೆಲಸಕ್ಕೆ ಆಗುತ್ತದೆ. ಕೇಂದ್ರದ ಸಂಸ್ಥೆಗೆ ಒಬಿಸಿ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್ ಬೇಕು, ಅದರ ನಮೂನೆಯೇ ಬೇರೆ. ಆ ಸರ್ಟಿಫಿಕೇಟಿಗೆ ಅರ್ಜಿ ಕೊಡುವಾಗ "ಕೇಂದ್ರ ಸರ್ಕಾರದ ನಮೂನೆ" ಅಂತ ಬಾಯಿಬಿಟ್ಟು ಹೇಳಿ. ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ) ಸರ್ಟಿಫಿಕೇಟ್ ಆದರೆ ಒಂದು ಹಣಕಾಸು ವರ್ಷಕ್ಕೆ ಮಾತ್ರ, ಏಪ್ರಿಲ್ ಬಂದರೆ ಹೊಸದು ಮಾಡಿಸಬೇಕು. ಶುಲ್ಕದ ರಿಯಾಯಿತಿ ಇವುಗಳ ಮೇಲೆಯೇ ನಿಂತಿರುತ್ತದೆ. ಕುಟುಂಬದ ವರಮಾನ ವರ್ಷಕ್ಕೆ 5 ಲಕ್ಷದ ಒಳಗಿದ್ದವರಿಗೂ ಕೋರ್ಸಿನ ಶುಲ್ಕದಲ್ಲಿ ರಿಯಾಯಿತಿ ಇದೆ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ಕೊನೆಯ ವಾರ ನಾಡಕಚೇರಿಗೆ ಓಡಿದರೆ ಸಿಗುವುದಿಲ್ಲ.

ಮುಂದಿನ ಮಾತನ್ನು ದಯವಿಟ್ಟು ಕೇಳಿ. ಅರ್ಜಿಗೆ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಅಂಗಡಿಯವರದ್ದು ಬೇಡ, ನನ್ನದೂ ಬೇಡ. ತದಡಿಯಿಂದ ಒಬ್ಬಳು ಹುಡುಗಿ ಬಂದಿದ್ದಳು. ಅದಕ್ಕೂ ಮೊದಲು ಬೇರೊಂದು ಕಡೆ ಒಂದು ಕೋರ್ಸಿಗೆ ಅರ್ಜಿ ಹಾಕಿಸಿದ್ದಳಂತೆ. ತುಂಬಿಕೊಟ್ಟವರು ತಮ್ಮ ಇಮೇಲ್ ಹಾಕಿದ್ದರು. ಹಾಲ್ ಟಿಕೆಟ್ ಆ ಇಮೇಲಿಗೆ ಬಂದು ಬಿದ್ದಿತ್ತು, ಇವಳಿಗೆ ಗೊತ್ತಾಗುವಾಗ ಪರೀಕ್ಷೆ ಮುಗಿದಿತ್ತು. ಅವಳು ಕೌಂಟರ್ ಎದುರು ನಿಂತು ಅತ್ತದ್ದು ನನಗೆ ಇನ್ನೂ ಮರೆತಿಲ್ಲ. ಅಂದಿನಿಂದ ಬಂದವರ ಇಮೇಲನ್ನು ಅವರ ಕೈಯಿಂದಲೇ ಮಾಡಿಸುತ್ತೇನೆ, ಪಾಸ್‌ವರ್ಡನ್ನು ಅವರ ನೋಟ್‌ಬುಕ್ಕಿನಲ್ಲಿ ಅವರೇ ಬರೆದುಕೊಳ್ಳಬೇಕು. ಆಮೇಲೆ ದಿನಕ್ಕೊಂದು ಸಲ ಆ ಇಮೇಲ್ ತೆರೆದು ನೋಡಿ, ಸ್ಪ್ಯಾಮ್ ಕೂಡ.

ಸ್ಕ್ಯಾನ್ ಮಾಡಿಸುವಾಗ ಲ್ಯಾಮಿನೇಶನ್ ಮಾಡಿದ ಮಾರ್ಕ್ಸ್ ಕಾರ್ಡಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆಯಬೇಡಿ. ಬೆಳಕು ಬಿದ್ದು ನಡುವೆ ಬಿಳಿ ಕಲೆ ಬರುತ್ತದೆ, ಅಂಕ ಕಾಣುವುದಿಲ್ಲ. ಸ್ಕ್ಯಾನರ್ ಮೇಲೆ ಮಲಗಿಸಿ ತೆಗೆಸಿ. ಸಹಿಯನ್ನು ಗೆರೆ ಇಲ್ಲದ ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ ಮಾಡಿ. ಎಷ್ಟು ಕೆಬಿ ಇರಬೇಕು ಅಂತ ಪುಟದಲ್ಲೇ ಬರೆದಿರುತ್ತದೆ.

ವೆಬ್‌ಸೈಟ್ ವಿಳಾಸದ ಕೊನೆ ನೋಡಿ. ಐಐಟಿ ಮದ್ರಾಸಿನದು ಎಸಿ ಡಾಟ್ ಇನ್ ಅಂತ ಮುಗಿಯುತ್ತದೆ. ಆ ಹೆಸರು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಫೋನ್ ಮಾಡಿ ಸೀಟು ಕೊಡಿಸುತ್ತೇವೆ ಅನ್ನುವವರಿಗೆ ಒಂದು ರೂಪಾಯಿ ಕೊಡಬೇಡಿ. ದುಡ್ಡು ಕಟ್ಟುವಾಗ ಕರೆಂಟ್ ಹೋಗಿ ಪುಟ ನಿಂತರೆ ಕೂಡಲೇ ಇನ್ನೊಮ್ಮೆ ಕಟ್ಟಬೇಡಿ. ಬ್ಯಾಂಕಿನ ಮೆಸೇಜ್ ನೋಡಿ, ವಹಿವಾಟಿನ ನಂಬರ್ ಬರೆದಿಟ್ಟುಕೊಳ್ಳಿ, ಲಾಗಿನ್ ಆಗಿ ಹಣ ಜಮಾ ಆಗಿದೆಯಾ ನೋಡಿ, ಆಮೇಲೆ ಮುಂದಿನದು.

ಅರ್ಜಿ ಹಾಕಿದ ಕೂಡಲೇ ಸೀಟು ಸಿಕ್ಕಿತು ಅಂತಲ್ಲ. ನಾಲ್ಕು ವಾರ ನಾಲ್ಕು ವಿಷಯದ ಪಾಠ ಕೊಡುತ್ತಾರೆ. ಅಸೈನ್‌ಮೆಂಟ್‌ಗಳಲ್ಲಿ ಬೇಕಾದಷ್ಟು ಅಂಕ ಬಂದರೆ ಮಾತ್ರ ಕ್ವಾಲಿಫೈಯರ್ ಅನ್ನುವ ಅರ್ಹತಾ ಪರೀಕ್ಷೆಗೆ ಕೂರಿಸುತ್ತಾರೆ. ಅದು ನಾಲ್ಕು ತಾಸಿನ ಪರೀಕ್ಷೆ, ಕೇಂದ್ರಕ್ಕೇ ಹೋಗಿ ಬರೆಯಬೇಕು. ಹಾಗಾಗಿ ಈ ನಾಲ್ಕು ವಾರ ನಿಮ್ಮ ಮನೆಯ ಯಾವ ಹೊತ್ತಿಗೆ ಬೀಳುತ್ತದೆ ಅಂತ ನೋಡಿ ಅವಧಿ ಆರಿಸಿ. ವರ್ಷಕ್ಕೆ ಮೂರು ಅವಧಿ: ಜನವರಿ, ಮೇ, ಸೆಪ್ಟೆಂಬರ್. ಸೆಪ್ಟೆಂಬರಿನದಕ್ಕೆ ಸೇರುವವರ ಈ ನಾಲ್ಕು ವಾರದ ಪಾಠ ಮಳೆ ಶುರುವಾಗುವ ಹೊತ್ತಿಗೆ ಬರುತ್ತದೆ. ದೋಣಿ ಮನೆಯ ಮಕ್ಕಳಿಗೆ ಅದು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಮನೆಯಲ್ಲಿ ಕೈಗೆ ಜನ ಸಿಗುತ್ತಾರೆ. ನನಗೆ ಜೂನ್ ಎಂದರೆ ಕಾಲೇಜು ಅಡ್ಮಿಶನ್ನಿನ ಗದ್ದಲ, ತಲೆ ಎತ್ತಲು ಆಗದು. ಅದಕ್ಕೆ ಜನವರಿ ಅವಧಿ ಆರಿಸಿದೆ. ಶಿರಸಿ ಕಡೆಯ ತೋಟದ ಮನೆಯವರು ಅಡಿಕೆ ಕೊಯ್ಲು ಯಾವಾಗ ಅಂತ ಲೆಕ್ಕ ಹಾಕಿ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಗಣಿತ ನಿಮಗೆ ಬರುತ್ತದೆ, ಪ್ರಶ್ನೆಯ ಇಂಗ್ಲಿಷ್ ತಡೆಯುತ್ತದೆ. ನಾನು ಎಂಬತ್ತು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಡಗಡೆ ಪಾಠದ ಇಂಗ್ಲಿಷ್ ಪದ, ಬಲಗಡೆ ನನಗೆ ತಿಳಿಯುವ ಕನ್ನಡ. ಸ್ಲೋಪ್ ಎದುರಿಗೆ "ದೇವಿಮನೆ ಘಟ್ಟದ ಏರು" ಅಂತ ಬರೆದಿದ್ದೆ, ಕುಮಟಾದಿಂದ ಶಿರಸಿಗೆ ಹೋಗುವ ದಾರಿಯ ಘಟ್ಟ ಅದು. ಎಷ್ಟು ದೂರ ಹೋದರೆ ಎಷ್ಟು ಎತ್ತರ ಏರುತ್ತೇವೆ, ಅಷ್ಟೇ ಅಲ್ವಾ. ಆಮೇಲೆ ಅದು ಮರೆಯಲಿಲ್ಲ.

ಪರೀಕ್ಷಾ ಊರು ಆರಿಸುವಾಗ ದೂರ ಒಂದನ್ನೇ ನೋಡಬೇಡಿ, ದಾರಿ ನೋಡಿ. ಹುಬ್ಬಳ್ಳಿಗೆ ಹೋಗಬೇಕಾದರೆ ದೇವಿಮನೆ ಘಟ್ಟವನ್ನೋ ಅಂಕೋಲಾ ಕಡೆಯಿಂದ ಅರಬೈಲ್ ಘಟ್ಟವನ್ನೋ ಹತ್ತಬೇಕು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ನಾವೆಲ್ಲ ನೋಡಿದ್ದೇವೆ. ಮಳೆಗಾಲದಲ್ಲಿ ಬೆಳಿಗ್ಗೆ ಹೊರಟು ಪರೀಕ್ಷೆಗೆ ಮುಟ್ಟುತ್ತೇನೆ ಅಂತ ನಂಬಬೇಡಿ, ಹಿಂದಿನ ದಿನವೇ ಹೋಗಿ ಉಳಿಯಿರಿ. ನಾನು ರೈಲು ಇದೆ ಅಂತ ಮಂಗಳೂರು ಬರೆದೆ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಬೇರೆಯೇ ಇದೆ. ಟಿಕೆಟ್ ಮಾಡಿಸುವಾಗ ಹಳೆಯ ಸಮಯ ನಂಬಬೇಡಿ.

ಪಾಸಾದ ಮೇಲೆ ವಿಷಯ ಆರಿಸಬೇಕು. ಮೊದಲ ಅವಧಿಗೆ ಎಷ್ಟು ತೆಗೆದುಕೊಳ್ಳಬಹುದು ಎನ್ನುವುದು ಕ್ವಾಲಿಫೈಯರ್ ಅಂಕದ ಮೇಲೆ ಹೋಗುತ್ತದೆ. ಆದರೆ ಸಿಕ್ಕಿತು ಅಂತ ಸುಮ್ನೆ ಎಲ್ಲ ತೆಗೆದುಕೊಳ್ಳಬೇಡಿ. ಶುಲ್ಕ ವಿಷಯಕ್ಕೆ ಇಷ್ಟು ಅಂತ ಲೆಕ್ಕ. ಕಡಿಮೆ ತೆಗೆದುಕೊಂಡರೆ ಒಂದೇ ಸಲ ಕಟ್ಟುವ ದುಡ್ಡೂ ಕಡಿಮೆ. ನಾನು ಎರಡೇ ತೆಗೆದುಕೊಂಡೆ, ಕಂಪ್ಯೂಟೇಶನಲ್ ಥಿಂಕಿಂಗ್ ಮತ್ತು ಇಂಗ್ಲಿಷ್. ಅಂಗಡಿ ಬಾಗಿಲು ಹಾಕಿದ ಮೇಲೆ ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಅದೇ ಕಂಪ್ಯೂಟರ್ ಮುಂದೆ ಕೂತು ಓದಿದೆ.