ಬೀಳು ಜಾಗ ಅಂದವರೇ ಈಗ ಹುಲ್ಲಿನ ಹರಾಜು ಕೂಗುತ್ತಾರೆ

ನಮ್ಮೂರ ಗೋಮಾಳ ಸುಮಾರು 60 ಎಕರೆ. ಚಿತ್ರದುರ್ಗದ ಕಡೆಯ ಕಲ್ಲುನೆಲ. ತಂಗಡಿ, ಬಂದರಿಕೆ ಪೊದೆ, ನಡುನಡುವೆ ಕರಡ ಹುಲ್ಲು. ಏಳು ವರ್ಷದ ಹಿಂದೆ ಬಳ್ಳಾರಿ ಜಾಲಿ ಅದನ್ನೆಲ್ಲ ನುಂಗಿತ್ತು. ಜಾಲಿ ತೆಗೆದು ಹುಲ್ಲು ಉಳಿಸೋಣ ಅಂದೆ. ಊರವರು ನಕ್ಕರು. ಬೀಳು ಜಾಗ, ಬೇವು ಹೊಂಗೆಯನ್ನಾದರೂ ಹಾಕೋಣ ಅಂದರು.

ಮೊದಲ ವರ್ಷ ಕೊಡಲಿಯಲ್ಲಿ ಕಡಿಸಿದೆ. ಕೂಲಿಗೇ 40 ಸಾವಿರದ ಹತ್ತಿರ ಹೋಯಿತು. ಮಳೆ ಬಿತ್ತು ನೋಡಿ, ಒಂದೊಂದು ಬೊಡ್ಡೆಗೂ ಹತ್ತು ಚಿಗುರು! ಮರುವರ್ಷ ಜೆಸಿಬಿ ತರಿಸಿದೆ. ಜಾಲಿ ಹೋಯಿತು, ಆದರೆ ಕೆದರಿದ ಮಣ್ಣಲ್ಲಿ ಸೊಂಟದೆತ್ತರ ಕಾಂಗ್ರೆಸ್ ಕಸ ಬಂತು. ಆ ದುಡ್ಡು ನನ್ನ ಕೈಯಿಂದ ಹೋಗಿದ್ದು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಕೊನೆಗೆ ಹಾರೆ, ಗುದ್ದಲಿಯೇ ಗತಿ. ಒಂದಡಿ ಬಗೆದು ಬೇರಿನ ಗಂಟಿನ ಕೆಳಗೆ ಕಡಿದರೆ ಮತ್ತೆ ಚಿಗುರುವುದಿಲ್ಲ. ಸೌದೆಯನ್ನು ಇದ್ದಿಲಿನವರು ಒಯ್ದರು, ಅರ್ಧ ಕೂಲಿ ಅಲ್ಲೇ ಹುಟ್ಟಿತು. ಜಾಲಿ ಕಾಯಿ ತಿಂದ ಆಡುಗಳ ಹಿಕ್ಕೆಯಿಂದ ಮತ್ತೆ ಸಸಿ ಬರುತ್ತಿತ್ತು. ಅದಕ್ಕೆ ಏನು ಮಾಡಿದೆ ಅಂತ ಇಲ್ಲಿ ಬರೆಯಲ್ಲ, ಬಂದರೆ ತೋರಿಸುತ್ತೇನೆ.

ಕಷ್ಟ ಆಗಿದ್ದು ಜಾಲಿಯಲ್ಲ, ಕುರಿಯವರು. ಹುಲ್ಲು ಬೆಳೆಯಲಿ ಅಂತ ಮುಂಗಾರಿನಿಂದ ದೀಪಾವಳಿವರೆಗೆ ಮೇಯಿಸೋದು ಬಂದ್ ಅಂದರೆ ನಾವೆಲ್ಲಿಗೆ ಹೋಗೋದು ಅಂತ ಜಗಳಕ್ಕೆ ಬಂದರು. ತಪ್ಪು ನನ್ನದೇ. ಆಮೇಲೆ ಪ್ರತಿವರ್ಷ ಮೂರನೇ ಒಂದು ಭಾಗ ಸರದಿಯಂತೆ ತೆರೆದಿಟ್ಟೆವು. ಹುಲ್ಲಿನ ಬಯಲು ಹೇಗಿರುತ್ತೆ ಅಂತ ತೋರಿಸಲು ಒಂದು ಟೆಂಪೋದಲ್ಲಿ ಹದಿನೈದು ಜನರನ್ನು ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಧಾಮಕ್ಕೂ ಕರೆದೊಯ್ದೆ. ಡೀಸೆಲ್ಲು, ಊಟ ನನ್ನದೇ. ಬಯಲಲ್ಲಿ ಹಿಂಡು ನೋಡಿ ಒಬ್ಬ ಕುರಿಗಾಹಿ ಹೇಳಿದ: 'ಮರ ದಟ್ಟ ಆದ್ರೆ ಇವಕ್ಕೆ ತೋಳ ಹೆಂಗೆ ಕಾಣ್ಬೇಕು?' ನನ್ನ ನೂರು ಮಾತಿಗಿಂತ ಅವನ ಒಂದು ಮಾತು ಊರಲ್ಲಿ ಜಾಸ್ತಿ ನಡೆಯಿತು.

ನಡುವೆ ಸುಮ್ನೆ ಒಂದು ಪ್ರಯೋಗ. ಸ್ಟೈಲೋ ಅನ್ನೋ ಮೇವಿನ ಗಿಡದ ಬೀಜ ಎರಚಿದೆ, ಇರುವೆಗಳು ಹೊತ್ತೊಯ್ದವು. ಸಗಣಿ ಉಂಡೆಯಲ್ಲಿಟ್ಟು ನೋಡಿದೆ, ಅಲ್ಲೊಂದು ಇಲ್ಲೊಂದು ಎದ್ದಿತು. ಕರಡವೇ ಸಾಕು ಅನ್ನಿಸಿತು. ಬೀಜ ಬಲಿಯುವ ಮುಂಚೆ ಕೊಯ್ಯಬೇಕು, ಇಲ್ಲಾಂದ್ರೆ ಮುಳ್ಳುಬೀಜ ಕುರಿ ತುಪ್ಪಟಕ್ಕೆ ಚುಚ್ಚುತ್ತದೆ. ಬಿತ್ತನೆಗೆ ಅಂತ ಒಂದೆರಡು ಪಟ್ಟಿ ಮಾತ್ರ ಬಿಡುತ್ತೇನೆ.

ಕಳೆದ ವರ್ಷ ಹರಾಜಿನಲ್ಲಿ 70 ಸಾವಿರದ ಆಸುಪಾಸು ಬಂತು. ಹತ್ತು ಸಾವಿರ ದೇವಸ್ಥಾನದ ಸುಣ್ಣಕ್ಕೆ. ಆಮೇಲೆ ಮರ ಹಾಕೋಣ ಅನ್ನೋ ಮಾತೇ ಎದ್ದಿಲ್ಲ. ಈ ಸಲ ಮೊದಲು ಕೂಗಿದವರು, ಅಂದು ಜೋರಾಗಿ ನಕ್ಕವರೇ. ನಾನೂ ಬಿಡಲಿಲ್ಲ, ಐನೂರು ಏರಿಸಿಯೇ ಕೊಟ್ಟೆ.